ಕೊಡಗಿನ ಮಳೆಯಲ್ಲಿ ಹಸಿರು ತಾರಸಿ: ಕಟ್ಟುವುದು ಹೇಗೆ, ಕಾಯುವುದು ಹೇಗೆ

"ಶೀಟ್ ಹಾಕಿಸುವ ಬದಲು ಮೋಲ್ಡಿನ ಮೇಲೆ ಹುಲ್ಲು, ಗಿಡ ಬೆಳೆಸಿದರೆ ಸೋರುವುದು ನಿಲ್ಲುತ್ತಾ?"

ಮಳೆಗಾಲ ಹತ್ತಿರ ಬಂತು ಅಂದರೆ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. ಮಡಿಕೇರಿಯವರು ಕೇಳುತ್ತಾರೆ, ವಿರಾಜಪೇಟೆಯವರು ಕೇಳುತ್ತಾರೆ, ಹೋಂಸ್ಟೇ ನಡೆಸುವವರಂತೂ ಫೋಟೋ ತೋರಿಸಿಯೇ ಕೇಳುತ್ತಾರೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಲ್ಲುವುದಿಲ್ಲ. ಸೋರುವ ತಾರಸಿಯ ಮೇಲೆ ಮಣ್ಣು ಹಾಕಿದರೆ ಸೋರುವ ಜಾಗ ಕಣ್ಣಿಗೆ ಕಾಣದ ಹಾಗೆ ಮುಚ್ಚಿಹೋಗುತ್ತದೆ, ಅಷ್ಟೇ.

ಆದರೆ ಸೋರದ ತಾರಸಿಯ ಮೇಲೆ ಸರಿಯಾಗಿ ಮಾಡಿದ ಹಸಿರು ಹೊದಿಕೆ ನಿಜಕ್ಕೂ ಒಳ್ಳೆಯದು. ಮಾರ್ಚ್ ಬಿಸಿಲು ನೇರವಾಗಿ ಕಾಂಕ್ರೀಟಿಗೆ ಬೀಳುವುದಿಲ್ಲ. ಹಗಲು ಕಾದು ರಾತ್ರಿ ತಣ್ಣಗಾಗಿ ಬಿರುಕು ಬಿಡುವುದು ಕಡಿಮೆಯಾಗುತ್ತದೆ. ವಾಟರ್‌ಪ್ರೂಫಿಂಗ್ ಪದರ ಬಿಸಿಲಿಗೆ ಸಿಗದ ಕಾರಣ ಜಾಸ್ತಿ ವರ್ಷ ಬಾಳುತ್ತದೆ. ಕೆಳಗಿನ ಕೋಣೆ ತಂಪಾಗಿರುತ್ತದೆ. ಚಿಟ್ಟೆ, ಜೇನು ಬರುತ್ತವೆ. ಶೀಟಿನ ಮೇಲೆ ಮಳೆ ಬಡಿಯುವ ಸದ್ದು ಕೇಳಿ ಸಾಕಾದವರಿಗೆ ಆ ಮೌನವೇ ದೊಡ್ಡ ಲಾಭ.

ಹಸಿರು ತಾರಸಿ ಅಂದರೆ ಕುಂಡ ಇಟ್ಟ ಟೆರೇಸ್ ಗಾರ್ಡನ್ ಅಲ್ಲ. ತಾರಸಿಯ ಮೈಗೇ ಒಂದರ ಮೇಲೊಂದು ಪದರ ಹಾಸಿ, ಅದರ ಮೇಲೆ ಗಿಡ ಹಬ್ಬಿಸುವುದು. ಇದರಲ್ಲಿ ಎರಡು ಬಗೆ. 2ರಿಂದ 6 ಇಂಚು ದಪ್ಪದ ತೆಳು ಹೊದಿಕೆ ಒಂದು. ಅದರಲ್ಲಿ ಹುಲ್ಲು, ನೆಲ ಹಬ್ಬುವ ಗಿಡ, ಗಡ್ಡೆಯ ಹೂಗಿಡ ಬರುತ್ತವೆ. ಅದಕ್ಕಿಂತ ದಪ್ಪ ಇದ್ದರೆ ಪೊದೆ, ಸಣ್ಣ ಮರ ಕೂಡ ಬೆಳೆಸಬಹುದು. ಆದರೆ ಅದಕ್ಕೆ ಕಟ್ಟಡವನ್ನು ಮೊದಲಿನಿಂದಲೇ ಅದೇ ಲೆಕ್ಕದಲ್ಲಿ ಕಟ್ಟಿರಬೇಕು. ಈ ಲೇಖನ ತೆಳು ಹೊದಿಕೆಗೆ ಮಾತ್ರ. ಈಗಾಗಲೇ ಕಟ್ಟಿದ ಮನೆಗೆ ಅಷ್ಟೇ ಸಾಕು.

ಇನ್ನೊಂದು ಮಾತು. ಹಸಿರು ತಾರಸಿಯ ಬಗ್ಗೆ ಸಿಗುವ ಹೆಚ್ಚಿನ ಮಾಹಿತಿ ಕಡಿಮೆ ಮಳೆಯ ಊರುಗಳಿಗಾಗಿ ಬರೆದದ್ದು. ನೀರನ್ನು ಹಿಡಿದಿಡುವುದು ಹೇಗೆ ಅನ್ನುವುದೇ ಅಲ್ಲಿ ಮುಖ್ಯ. ನಮ್ಮ ಕಥೆ ಉಲ್ಟಾ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಭಾಗಮಂಡಲ ಕಡೆ ಇನ್ನೂ ಜಾಸ್ತಿ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಕೊಡಗಿನಲ್ಲಿ ಹಸಿರು ತಾರಸಿ ಅಂದರೆ ಮೊದಲು ನೀರನ್ನು ಹೊರಗೆ ಕಳಿಸುವ ಕೆಲಸ, ಆಮೇಲೆ ಗಿಡದ ಕೆಲಸ. ಕುಶಾಲನಗರದವರಿಗೆ ಇಷ್ಟು ಮಳೆ ಇಲ್ಲ. ಅವರಿಗೆ ಎಲ್ಲಿ ಬೇರೆ ಥರ ಮಾಡಬೇಕು ಅನ್ನುವುದನ್ನು ಅಲ್ಲಲ್ಲೇ ಹೇಳುತ್ತೇನೆ.

1. ನಿಮ್ಮ ತಾರಸಿಗೆ ಇದು ಆಗುತ್ತಾ?

ಹೆಂಚಿನ ಮಾಡಿಗೆ ಬೇಡ. ಶೀಟಿನ ಮಾಡಿಗೂ ಬೇಡ. ರೀಪು, ಪಕಾಸಿ, ಕಬ್ಬಿಣದ ಟ್ರಸ್ ಇವು ಯಾವುವೂ ಈ ಭಾರಕ್ಕೆ ಮಾಡಿದವಲ್ಲ. ಇಳಿಜಾರಾಗಿ ಮೋಲ್ಡ್ ಹಾಕಿ ಮೇಲೆ ಹೆಂಚು ಅಂಟಿಸಿದ ಮನೆಗಳು ನಮ್ಮಲ್ಲಿ ತುಂಬಾ ಇವೆ. ಅಲ್ಲಿ ಮಣ್ಣು ಜಾರುತ್ತದೆ. ತಡೆಯಲು ದಾರಿಗಳಿವೆ, ಆದರೆ ಮೊದಲ ಸಲ ಮಾಡುವವರು ಅದಕ್ಕೆ ಕೈ ಹಾಕಬೇಡಿ. ಸಮತಟ್ಟಾದ ಆರ್‌ಸಿಸಿ ತಾರಸಿ ಇದ್ದರೆ ಮಾತ್ರ ಮುಂದೆ ಓದಿ.

ಒಂದು ಮಳೆಗಾಲ ನಿಮ್ಮ ಸೀಲಿಂಗನ್ನು ಗಮನಿಸಿ. ಹಳದಿ ಕಲೆ, ಉಬ್ಬಿದ ಬಣ್ಣ, ಬಿಳಿ ಉಪ್ಪಿನ ಹುಡಿ ಕಂಡ ಜಾಗಕ್ಕೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಸಿಮೆಂಟ್ ಉದುರಿ ಕಂಬಿ ಕಾಣುತ್ತಿದ್ದರೆ, ಕಂಬಿಗೆ ತುಕ್ಕು ಹಿಡಿದಿದ್ದರೆ, ಹಸಿರು ತಾರಸಿಯ ಯೋಚನೆ ಬಿಟ್ಟು ಮೊದಲು ಅದನ್ನು ರಿಪೇರಿ ಮಾಡಿಸಿ. ಫ್ಯಾನಿನ ಕೊಂಡಿಯ ಹತ್ತಿರವೋ ಲೈಟಿನ ಡಬ್ಬಿಯ ಹತ್ತಿರವೋ ನೀರು ಇಳಿಯುತ್ತಿದ್ದರೆ ಆ ಲೈನಿನ ಕರೆಂಟ್ ತೆಗೆಸಿ, ಎಲೆಕ್ಟ್ರಿಷಿಯನ್ ಕರೆಯಿರಿ. ಅದನ್ನು ಮುಂದಕ್ಕೆ ಹಾಕಬೇಡಿ.

ತಾರಸಿಯ ಸುತ್ತ ಪ್ಯಾರಪೆಟ್ ಗೋಡೆ ಇರಬೇಕು, ಸೊಂಟದಷ್ಟಾದರೂ ಎತ್ತರ. ಮಳೆಗಾಲದಲ್ಲಿ ಪಾಚಿ ಕಟ್ಟಿದ ತಾರಸಿಯ ಮೇಲೆ ನೀವೇ ಹತ್ತಿ ಕೆಲಸ ಮಾಡಬೇಕಾಗುತ್ತದೆ ಅನ್ನುವುದು ನೆನಪಿರಲಿ.

2. ಭಾರದ ಲೆಕ್ಕ

ಇದನ್ನು ಯಾರೂ ಕೇಳುವುದಿಲ್ಲ. ಎಲ್ಲರೂ ಮೊದಲು ಕೇಳಬೇಕಾದದ್ದು ಇದನ್ನೇ.

ಜನ ಓಡಾಡುವ ಸಮತಟ್ಟು ತಾರಸಿಗೆ ಐಎಸ್ 875 ಅನ್ನುವ ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ 150 ಕೆ.ಜಿ. ಬಳಕೆಯ ಭಾರ ಹಿಡಿಯುತ್ತಾರೆ. ಚದರಡಿಗೆ ಸುಮಾರು 14 ಕೆ.ಜಿ. ಆಯಿತು. ಇದು ಜನರಿಗೆ, ಕುರ್ಚಿ ಮೇಜಿಗೆ ಬಿಟ್ಟ ಲೆಕ್ಕ. ವರ್ಷವಿಡೀ ಅಲ್ಲೇ ಕೂರುವ ಒದ್ದೆ ಮಣ್ಣಿಗಲ್ಲ. ಯಾರೂ ಹತ್ತದ ತಾರಸಿ ಅಂತ ಕಟ್ಟಿದ್ದರೆ ಅದರಲ್ಲಿ ಅರ್ಧವೇ ಹಿಡಿದಿರುತ್ತಾರೆ.

ಈಗ ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. 10 ಲೀಟರಿನ ಬಕೆಟ್ ತೆಗೆದುಕೊಳ್ಳಿ. ತಳಕ್ಕೆ ನಾಲ್ಕು ತೂತು ಕೊರೆಯಿರಿ. ತಾರಸಿಗೆ ಹಾಕಬೇಕು ಅಂದುಕೊಂಡ ಮಣ್ಣನ್ನು ತುಂಬಿ, ಕೈಯಿಂದ ಸ್ವಲ್ಪ ಒತ್ತಿ, ನೀರು ಸುರಿಯುತ್ತಾ ಹೋಗಿ. ಕೆಳಗಿನಿಂದ ನೀರು ಇಳಿದು, ಹನಿ ನಿಲ್ಲುವವರೆಗೂ ಬಿಡಿ. ಆಮೇಲೆ ಕಾಳುಮೆಣಸು ತೂಗುವ ತಕ್ಕಡಿಗೆ ಇಟ್ಟು ತೂಗಿ, ಖಾಲಿ ಬಕೆಟಿನ ತೂಕ ಕಳೆಯಿರಿ. ಒಂದು ಚದರಡಿಯ ಮೇಲೆ 4 ಇಂಚು ದಪ್ಪ ಹಾಸಲು ಸುಮಾರು ಒಂಬತ್ತೂವರೆ ಲೀಟರ್ ಮಣ್ಣು ಬೇಕು. ಹಾಗಾಗಿ ಬಕೆಟಿನ ತೂಕ ಎಷ್ಟೋ, ಚದರಡಿಗೆ ಬೀಳುವ ಭಾರವೂ ಹೆಚ್ಚುಕಡಿಮೆ ಅಷ್ಟೇ. ತೋಟದ ಕೆಂಪು ಮಣ್ಣು ಒದ್ದೆಯಾದರೆ ಬಕೆಟಿಗೆ 18 ಕೆ.ಜಿ. ಆಸುಪಾಸು ಬರುತ್ತದೆ. 500 ಚದರಡಿಗೆ 9 ಟನ್! ಅದೇ, ಮುಂದೆ ಹೇಳುವ ಹೆಂಚಿನ ಚೂರಿನ ಮಿಶ್ರಣವನ್ನು ತೂಗಿ ನೋಡಿ, ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಇದರ ಮೇಲೆ ಇನ್ನೊಂದು ಭಾರ ಇದೆ. ಪೈಪು ಕಟ್ಟಿಕೊಂಡು 4 ಇಂಚು ನೀರು ನಿಂತರೆ ಚದರಡಿಗೆ ಇನ್ನೂ 9 ಕೆ.ಜಿ. ಸೇರುತ್ತದೆ.

ಈ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಕಟ್ಟಡದ ಡ್ರಾಯಿಂಗ್ ಜೊತೆ ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ಹೋಗಿ. ಕಟ್ಟಡ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಹಾಕಿ ಹೇಳುವವರು ಅವರು. ಮೇಸ್ತ್ರಿಯ ಮಾತು ಇದಕ್ಕೆ ಸಾಲದು. "ಏನೂ ಆಗಲ್ಲ, ಹಾಕಿ" ಅಂತ ಹೇಳುವುದು ಸುಲಭ, ಲೆಕ್ಕ ಹಾಕಿ ಸಹಿ ಮಾಡುವುದು ಬೇರೆ. ಅವರು 3 ಇಂಚು ಸಾಕು ಅಂದರೆ 3 ಇಂಚೇ ಹಾಕಿ. ಇಡೀ ತಾರಸಿಗೆ ಬೇಡ, ತೊಲೆ ಮತ್ತು ಗೋಡೆಯ ಮೇಲಿನ ಭಾಗಕ್ಕೆ ಮಾತ್ರ ಹಾಕಿ ಅಂದರೆ ಅದನ್ನೂ ಒಪ್ಪಿಕೊಳ್ಳಿ.

3. ವಾಟ ಮತ್ತು ನೀರಿನ ದಾರಿ

ವಾಟ ಅಂದರೆ ನೀರು ಹರಿಯಲು ಕೊಡುವ ಇಳಿಜಾರು. 10 ಅಡಿಗೆ ಒಂದೂವರೆಯಿಂದ 2 ಇಂಚು ಇಳಿಯಬೇಕು. ತಾರಸಿ ತೊಳೆದು ಒಂದು ಬಕೆಟ್ ನೀರು ಚೆಲ್ಲಿ ನೋಡಿ. ಅರ್ಧ ಗಂಟೆಯ ನಂತರವೂ ನೀರು ನಿಂತ ಗುಂಡಿಗಳಿಗೆ ಚಾಕ್‌ಪೀಸಿನಿಂದ ಗುರುತು ಹಾಕಿ. ಅವನ್ನು ಗಾರೆ ಹಾಕಿ ಸರಿಮಾಡದೆ ಮುಂದಕ್ಕೆ ಹೋಗಬೇಡಿ.

500 ಚದರಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1200 ಲೀಟರ್ ನೀರು. ನಮ್ಮಲ್ಲಿ ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಒಂದು ರಾತ್ರಿಗೆ ನಾಲ್ಕೈದು ಇಂಚು ಬೀಳುವುದು ಹೊಸದೇನಲ್ಲ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ 500 ಚದರಡಿಗೆ 4 ಇಂಚಿನ ಎರಡು ಪೈಪು ಇರಲೇಬೇಕು ಅನ್ನುತ್ತೇನೆ. ಲೆಕ್ಕಕ್ಕೆ ಒಂದು ಸಾಕಾಗಬಹುದು. ಎರಡನೆಯದು ಮೊದಲನೆಯದು ಕಟ್ಟಿಕೊಂಡ ದಿನಕ್ಕೆ. ಅದರ ಜೊತೆಗೆ ಪ್ಯಾರಪೆಟ್ ಗೋಡೆಯಲ್ಲಿ, ಮುಗಿದ ಮಣ್ಣಿನ ಮಟ್ಟಕ್ಕಿಂತ ಒಂದಿಂಚು ಮೇಲೆ, ತುಂಬಿ ಹರಿಯಲು ಒಂದು ತೂತು ಬಿಡಿ. ಅದರಿಂದ ನೀರು ಬೀಳುವುದು ಅಂಗಳದಿಂದ ಕಾಣುವಂತಿರಲಿ. ಅಲ್ಲಿ ನೀರು ಕಂಡರೆ ಮೇಲೆ ಪೈಪು ಕಟ್ಟಿದೆ ಅಂತ ಅರ್ಥ.

ಪೈಪಿನಿಂದ ಇಳಿದ ನೀರು ಎಲ್ಲಿಗೆ ಹೋಗುತ್ತದೆ? ಬೆಟ್ಟದ ಇಳಿಜಾರಿನಲ್ಲಿ ಮನೆ ಇದ್ದವರು ಇದನ್ನು ಹೋಗಿ ನೋಡಲೇಬೇಕು. ಬರೆಯ (ಗುಡ್ಡದ ಕಡಿದಾದ ಮಣ್ಣಿನ ಮಗ್ಗುಲು) ತಲೆಯ ಮೇಲೋ ಬುಡಕ್ಕೋ ನೀರು ಬಿದ್ದರೆ ಬರೆ ಕುಸಿಯುತ್ತದೆ. ಪೈಪನ್ನು ಚರಂಡಿಗೋ ತೋಡಿಗೋ ಸೇರಿಸಿ. ಸುಮ್ನೆ ಮನೆ ಹಿಂದಕ್ಕೆ ಬಿಡಬೇಡಿ.

4. ವಾಟರ್‌ಪ್ರೂಫಿಂಗ್, ಆಮೇಲೆ ಒಂದು ಮಳೆಗಾಲ ಕಾಯುವುದು

ಈ ಕೆಲಸ ಜನವರಿ, ಫೆಬ್ರವರಿಯಲ್ಲಿ ಆಗಬೇಕು. ಕಾಂಕ್ರೀಟ್ ಒಳಗಿನವರೆಗೂ ಒಣಗಿರುವ ಕಾಲ ಅದೊಂದೇ. ಮೇ ತಿಂಗಳಲ್ಲಿ ಎರಡು ಮಳೆಯ ನಡುವೆ ಅವಸರದಲ್ಲಿ ಹಚ್ಚಿದ ಲೇಪ ಗುಳ್ಳೆ ಎದ್ದು ಕಿತ್ತು ಬರುತ್ತದೆ.

ಬಗೆಗಳು ಹಲವು. ಸಿಮೆಂಟ್ ಜೊತೆ ಪಾಲಿಮರ್ ಬೆರೆಸಿ ಬ್ರಷ್‌ನಲ್ಲಿ ಹಚ್ಚುವುದು ಅಗ್ಗ. ಆದರೆ ಕಾಂಕ್ರೀಟ್ ಬಿರುಕು ಬಿಟ್ಟರೆ ಅದು ಅಷ್ಟಾಗಿ ಎಳೆದುಕೊಳ್ಳುವುದಿಲ್ಲ, ಜೊತೆಗೇ ಬಿರುಕು ಬಿಡಬಹುದು. ಬೆಂಕಿಯಲ್ಲಿ ಕಾಯಿಸಿ ಅಂಟಿಸುವ ಡಾಂಬರಿನ ಶೀಟ್ ಗಟ್ಟಿ, ಆದರೆ ಬೇರುಗಳು ಡಾಂಬರನ್ನು ತೂರಿಕೊಂಡು ಹೋಗುತ್ತವೆ. ಪಿಯು, ಅಂದರೆ ಪಾಲಿಯುರಿಥೇನ್ ಲೇಪ, ರಬ್ಬರಿನ ಹಾಗೆ ಹಿಗ್ಗುತ್ತದೆ, ಜೋಡಣೆಗಳಿರುವುದಿಲ್ಲ. ದುಡ್ಡು ಜಾಸ್ತಿ. ನನ್ನನ್ನು ಕೇಳಿದರೆ ಪಿಯು ಲೇಪವನ್ನೇ ಹೇಳುತ್ತೇನೆ, ಬಿಸಿಲು ತಡೆಯುವ ಮೇಲ್ಲೇಪದ ಜೊತೆಗೆ. ದುಡ್ಡು ಉಳಿಸಬೇಕಾದರೆ ಗಿಡದಲ್ಲಿ ಉಳಿಸಿ, ಇಲ್ಲಿ ಬೇಡ.

ಯಾವುದೇ ಬಗೆಯಾದರೂ ಎರಡು ಕಡೆ ಎದುರಿಗೆ ನಿಂತು ಮಾಡಿಸಿ. ಒಂದು, ತಾರಸಿ ಮತ್ತು ಪ್ಯಾರಪೆಟ್ ಸೇರುವ ಮೂಲೆ. ಅಲ್ಲಿ ಮೊದಲು ಗಾರೆಯನ್ನು ಗುಂಡಗೆ ತುಂಬಿ, ಲೇಪವನ್ನು ಗೋಡೆಗೆ ಹತ್ತಿಸಬೇಕು. ಮುಂದೆ ಬರುವ ಮಣ್ಣಿನ ಮಟ್ಟಕ್ಕಿಂತ 6 ಇಂಚು ಮೇಲಕ್ಕೆ. ಇನ್ನೊಂದು, ಪೈಪಿನ ಬಾಯಿ. ಲೇಪ ಪೈಪಿನ ಒಳಗೆ ಇಳಿದು ಹಿಡಿದುಕೊಳ್ಳಬೇಕು. ನಾನು ಕಂಡ ಸೋರಿಕೆಗಳಲ್ಲಿ ಹೆಚ್ಚಿನವು ತಾರಸಿಯ ನಡುವೆ ಆದವಲ್ಲ, ಈ ಎರಡು ಜಾಗದಲ್ಲೇ ಆದವು.

ಲೇಪ ಒಣಗಿದ ಮೇಲೆ ನೀರು ನಿಲ್ಲಿಸಿ ನೋಡಿ. ಪೈಪುಗಳ ಬಾಯಿಗೆ ಬಟ್ಟೆ, ಪ್ಲಾಸ್ಟಿಕ್ ತುರುಕಿ ಮುಚ್ಚಿ, 2 ಇಂಚು ನೀರು ತುಂಬಿ, 48 ಗಂಟೆ ಬಿಡಿ. ಕೆಳಗೆ ಸೀಲಿಂಗ್ ಮತ್ತು ಹೊರಗೋಡೆಯನ್ನು ಬೆಳಿಗ್ಗೆ, ಸಂಜೆ ನೋಡಿ.

ಪರೀಕ್ಷೆ ಪಾಸಾಯಿತು ಅಂತ ತಕ್ಷಣ ಮಣ್ಣು ಹಾಕಬೇಡಿ. ಕೊಡಗಿನವರಿಗೆ ನಾನು ಖಂಡಿತವಾಗಿ ಹೇಳುವ ಒಂದು ಮಾತು ಇದು. ಆ ವರ್ಷದ ಮಳೆಗಾಲವನ್ನು ತಾರಸಿ ಬರಿಮೈಯಲ್ಲೇ ಎದುರಿಸಲಿ. ಎರಡು ದಿನ ನಿಂತ ನೀರು ಬೇರೆ, ಗಾಳಿಯ ಜೊತೆ ನಾಲ್ಕು ತಿಂಗಳು ಅಡ್ಡಡ್ಡ ಬಡಿಯುವ ಮಳೆ ಬೇರೆ. ಪ್ಯಾರಪೆಟ್ ಗೋಡೆಯ ಬಿರುಕಿನಿಂದ ಒಳಗೆ ಹೋಗುವ ನೀರು ಮೊದಲ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಹಳೆಯ ಪೆನ್ಸಿಲ್ ಗೆರೆಗಳ ಪಕ್ಕ ಹೊಸ ಕಲೆ ಬಂದಿದೆಯಾ ನೋಡಿ. ಬಂದಿದ್ದರೆ ಮುಂದಿನ ಜನವರಿಗೆ ರಿಪೇರಿ ಮಾಡಿಸಿ, ಮತ್ತೆ ಕಾಯಿರಿ. ನಮ್ಮ ಮನೆಯಲ್ಲಿ ನಾವು ಕಾಯಲಿಲ್ಲ. ಒಂದೇ ಬೇಸಿಗೆಯಲ್ಲಿ ಎಲ್ಲ ಮುಗಿಸಿದೆವು. ಆ ಆಗಸ್ಟ್‌ನಲ್ಲಿ ಒದ್ದೆ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಕೆಳಗಿಳಿಸಬೇಕಾಯಿತು. ನಿಮಗೆ ಅದು ಬೇಡ.

ಕಲೆ ಇಲ್ಲದಿದ್ದರೆ ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಮುಗಿದು ಮಳೆ ಇಳಿಮುಖವಾದ ಮೇಲೆ ಮುಂದಿನ ಕೆಲಸ ಶುರು ಮಾಡಿ. ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಪುತ್ತರಿ ಹಬ್ಬ ಬರುವುದರೊಳಗೆ ಗಿಡ ನೆಟ್ಟು ಮುಗಿದಿರಲಿ. ಅಕ್ಟೋಬರ್, ನವೆಂಬರ್‌ನ ಹಗುರ ಮಳೆ ಬೇರು ಹಿಡಿಯಲು ತುಂಬಾ ಒಳ್ಳೆಯದು. ಮುಂದಿನ ಜೂನ್ ಹೊತ್ತಿಗೆ ಬೇರುಗಳು ಮಣ್ಣನ್ನು ಹಿಡಿದುಕೊಂಡಿರುತ್ತವೆ.

5. ಬೇರು ತಡೆಯುವ ಹಾಳೆ

ವಾಟರ್‌ಪ್ರೂಫಿಂಗ್ ನೀರನ್ನು ತಡೆಯುತ್ತದೆ, ಬೇರನ್ನು ತಡೆಯಬೇಕು ಅಂತೇನಿಲ್ಲ. ಅದಕ್ಕೆ ಬೇರೆಯೇ ಹಾಳೆ ಬೇಕು. ಕೃಷಿ ಹೊಂಡಕ್ಕೆ ಹಾಸುತ್ತಾರಲ್ಲ, ಆ ಕಪ್ಪು ಎಚ್‌ಡಿಪಿಇ ಹಾಳೆ. ಅದರಲ್ಲಿ 500 ಮೈಕ್ರಾನ್ ಅಥವಾ ಇನ್ನೂ ದಪ್ಪದ್ದನ್ನು ತೆಗೆದುಕೊಳ್ಳಿ. ಹೊಂಡಕ್ಕೆ ಹಾಸುವವರ ಹತ್ತಿರವೇ ಬಿಸಿ ಮಾಡಿ ಜೋಡಿಸುವ ಯಂತ್ರ ಇರುತ್ತದೆ. ಎರಡು ಹಾಳೆ ಸೇರುವಲ್ಲಿ 6 ಇಂಚು ಒಂದರ ಮೇಲೊಂದು ಬರಲಿ. ಒಣ ದಿನ ನೋಡಿ ಮಾಡಿಸಿ, ಒದ್ದೆ ಹಾಳೆ ಕೂಡಿಕೊಳ್ಳುವುದಿಲ್ಲ. ಹಾಳೆಯ ಕೆಳಗೆ ಕಂಬಳಿಯಂಥ ದಪ್ಪ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಕೆಳಗಿನ ಲೇಪಕ್ಕೆ ಗೀರು ಬೀಳುವುದಿಲ್ಲ.

ಕಾಫಿ ಒಣಗಿಸುವ ಟಾರ್ಪಲ್ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಅದು ಹೆಣೆದ ಹಾಳೆ, ಬೇರಿಗೆ ಸಂದು ಸಿಗುತ್ತದೆ. ಮಡಚಿದ ಕಡೆ ಬೇಗ ಒಡೆಯುತ್ತದೆ.

6. ನೀರು ಹರಿಯುವ ಪದರ

ಬೇರಿನ ಹಾಳೆಯ ಮೇಲೆ ನೀರು ಸಲೀಸಾಗಿ ಓಡಲು ಖಾಲಿ ಜಾಗ ಬೇಕು. ಹಿಂದೆ ಜಲ್ಲಿ ಹಾಸುತ್ತಿದ್ದರು. 2 ಇಂಚು ಜಲ್ಲಿ ಅಂದರೆ ಚದರಡಿಗೆ 7 ಕೆ.ಜಿ. ಅಲ್ಲಿಗೇ ಹೋಯಿತು. ಅದರ ಬದಲು ಡ್ರೈನ್ ಸೆಲ್ ಬಳಸಿ. ಇದು ಕಾಲುಗಳಿರುವ ಪ್ಲಾಸ್ಟಿಕ್ ಜಾಲರಿ. ಒಂದಕ್ಕೊಂದು ಸಿಕ್ಕಿಸಿ ಹಾಸುತ್ತಾ ಹೋಗಬಹುದು, ಭಾರ ತುಂಬಾ ಕಡಿಮೆ. ನೀರು ಹಿಡಿದಿಡುವ ಬಟ್ಟಲುಗಳಿರುವ ಬಗೆಯೂ ಮಾರುಕಟ್ಟೆಯಲ್ಲಿದೆ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಅದು ಬೇಡ. ಕುಶಾಲನಗರದ ಒಣ ಬೇಸಿಗೆಗೆ ಅದು ಸರಿಹೋಗುತ್ತದೆ.

ಇದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ನೀರನ್ನು ಬಿಟ್ಟು ಮಣ್ಣನ್ನು ತಡೆಯುವ, ನೋಡಲು ಕಂಬಳಿಯಂಥ ಬಟ್ಟೆ ಇದು. ಚದರ ಮೀಟರಿಗೆ 150ರಿಂದ 200 ಗ್ರಾಂ ತೂಗುವುದು ಸಾಕು. ಗೋಣಿಚೀಲ, ಹಳೆಯ ಸೀರೆ ಒಂದೇ ಮಳೆಗಾಲಕ್ಕೆ ಕೊಳೆತುಹೋಗುತ್ತವೆ. ಶೇಡ್ ನೆಟ್ ತೂತುಗಳಲ್ಲಿ ಮಣ್ಣು ಇಳಿದು ಪೈಪಿಗೆ ಹೋಗುತ್ತದೆ.

ಪ್ಯಾರಪೆಟ್ ಗೋಡೆಯ ಉದ್ದಕ್ಕೂ ಒಂದು ಅಡಿ ಅಗಲ ಮಣ್ಣು ಹಾಕದೆ ಬಿಟ್ಟು, ತೊಳೆದ 20 ಎಂಎಂ ಜಲ್ಲಿಯನ್ನು ತೆಳ್ಳಗೆ ಹಾಸಿ. ಗೋಡೆಗೆ ತೇವ ತಾಗುವುದಿಲ್ಲ, ಅಂಚಿನಲ್ಲಿ ಗಾಳಿ ಮಣ್ಣು ಕೀಳುವುದಿಲ್ಲ, ನಿಮಗೆ ನಡೆಯಲೂ ಜಾಗ ಸಿಗುತ್ತದೆ. ಪೈಪಿನ ಬಾಯಿಯ ಸುತ್ತ ತೂತಿರುವ ಡಬ್ಬಿ ಇಟ್ಟು, ಹೊರಗೆ ಜಲ್ಲಿ ತುಂಬಿ, ಮೇಲೆ ತೆಗೆದು ನೋಡಲು ಬರುವ ಮುಚ್ಚಳ ಇಡಿ. ಪೈಪಿನ ಬಾಯನ್ನು ಯಾವತ್ತೂ ಮಣ್ಣಿನಡಿ ಹೂಳಬೇಡಿ.

7. ಮಣ್ಣು ಅಂತ ಕರೆಯುವ ಮಿಶ್ರಣ

ತೋಟದ ಮಣ್ಣು ಮೇಲೆ ಹಾಕಬೇಡಿ. ಅದರ ಭಾರ ಆಗಲೇ ನೋಡಿದೆವು. ಭಾರ ಒಂದೇ ಅಲ್ಲ, ನಮ್ಮ ಕೆಂಪು ಮಣ್ಣಿನ ನುಣುಪು ಕಣಗಳು ಮಳೆಗೆ ತೊಳೆದು ಕೆಳಗಿನ ಬಟ್ಟೆಯ ಮೇಲೆ ಕೂತು ಅದನ್ನು ಮುಚ್ಚಿಬಿಡುತ್ತವೆ. ಆಮೇಲೆ ನೀರು ಇಳಿಯುವುದಿಲ್ಲ, ಗದ್ದೆಯ ಹಾಗೆ ನಿಲ್ಲುತ್ತದೆ.

ಬೇಕಾಗಿರುವುದು ಹೆಚ್ಚಿನ ಪಾಲು ಚೂರು, ಸ್ವಲ್ಪವೇ ಮಣ್ಣು. ನಮ್ಮಲ್ಲಿ ಅದಕ್ಕೆ ಒಳ್ಳೆಯ ಸಾಮಾನು ಪುಕ್ಕಟೆ ಸಿಗುತ್ತದೆ. ಹಳೆಯ ಮನೆ ಕೆಡವಿದ ಕಡೆ ರಾಶಿ ಬಿದ್ದಿರುವ ಒಡೆದ ಮಂಗಳೂರು ಹೆಂಚು. ಸುಟ್ಟ ಜೇಡಿಮಣ್ಣಾದ್ದರಿಂದ ಸ್ವಲ್ಪ ನೀರು ಹೀರಿಕೊಳ್ಳುತ್ತದೆ, ಉಳಿದದ್ದನ್ನು ಬಿಡುತ್ತದೆ, ಕೊಳೆಯುವುದಿಲ್ಲ. ಗೋಣಿಯಲ್ಲಿ ಹಾಕಿ ಸುತ್ತಿಗೆಯಿಂದ ಜಜ್ಜಿ. ಕಡಲೆಕಾಳಿನಿಂದ ಅಡಿಕೆಯಷ್ಟು ಗಾತ್ರದ ಚೂರು ಬೇಕು. ನುಣ್ಣಗಾದ ಹುಡಿಯನ್ನು ಜರಡಿ ಹಿಡಿದು ತೆಗೆದುಬಿಡಿ, ಸಂದುಗಳನ್ನು ಮುಚ್ಚುವುದು ಅದೇ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ಸುಣ್ಣ, ಸಿಮೆಂಟ್ ಅಂಟಿದ ಹೆಂಚು, ಬಣ್ಣ ಬಳಿದ ಹೆಂಚು ಬೇಡ.

ಅಳತೆ ಹೀಗಿರಲಿ: 6 ಬಾಂಡ್ಲಿ ಹೆಂಚಿನ ಚೂರು, 2 ಬಾಂಡ್ಲಿ ಜರಡಿ ಹಿಡಿದ ಮಣ್ಣು, 1 ಬಾಂಡ್ಲಿ ತೆಂಗಿನ ನಾರಿನ ಹುಡಿ, 1 ಬಾಂಡ್ಲಿ ಪೂರ್ತಿ ಕಳಿತ ಗೊಬ್ಬರ. ಕಾಫಿ ಸಿಪ್ಪೆಯ ಗೊಬ್ಬರ ಆಗುತ್ತದೆ, ಆದರೆ ಕಪ್ಪಾಗಿ, ವಾಸನೆ ಹೋಗಿ, ಕೈಗೆ ಬಿಸಿ ತಾಗದ ಹಾಗೆ ಆಗಿರಬೇಕು. ಹಸಿ ಸಿಪ್ಪೆ ಬೇರನ್ನು ಸುಡುತ್ತದೆ. ಗೊಬ್ಬರ ಜಾಸ್ತಿ ಹಾಕಿದರೆ ಗಿಡ ಚೆನ್ನಾಗಿ ಬರುತ್ತದೆ ಅನ್ನುವ ಆಸೆ ಬೇಡ. ಅದು ಕೊಳೆತು ಕುಗ್ಗುತ್ತದೆ, ನೀರು ಹಿಡಿಯುತ್ತದೆ, ಕಳೆಯನ್ನು ಕರೆಯುತ್ತದೆ.

ಈ ಮಿಶ್ರಣವನ್ನೂ ಅದೇ ತೂತಿನ ಬಕೆಟಿನಲ್ಲಿ ತೂಗಿ. ಸುರಿದ ನೀರು ಮೇಲೆ ನಿಲ್ಲದೆ ನೋಡುತ್ತಿದ್ದಂತೆ ಇಳಿಯಬೇಕು. ಒಂದು ನಿಮಿಷ ಕೊಳದ ಹಾಗೆ ನಿಂತರೆ ಇನ್ನೆರಡು ಬಾಂಡ್ಲಿ ಚೂರು ಸೇರಿಸಿ. ಮಿಶ್ರಣವನ್ನು ಮೇಲಕ್ಕೆ ಸಾಗಿಸುವಾಗ ಒಂದೇ ಕಡೆ ರಾಶಿ ಹಾಕಬೇಡಿ. ಇಡೀ ತಾರಸಿಯ ಭಾರ ನಾಲ್ಕು ಅಡಿ ಜಾಗಕ್ಕೆ ಬೀಳುತ್ತದೆ. ತಂದದ್ದನ್ನು ತಂದ ಹಾಗೇ ಹರಡುತ್ತಾ ಹೋಗಿ.

8. ಗಿಡ

ಚಿತ್ರಗಳಲ್ಲಿ ಕಾಣುವ, ದಪ್ಪ ಎಲೆಯ ಸೀಡಮ್ ಗಿಡಗಳನ್ನು ತರಿಸಿ ನೆಡುವವರು ಇದ್ದಾರೆ. ಯುರೋಪಿನ ಹಸಿರು ತಾರಸಿಗಳಲ್ಲಿ ಅವು ಚೆನ್ನಾಗಿ ಬರುತ್ತವೆ. ನಮ್ಮ ಕಕ್ಕಡದ ಮಳೆಗೆ ಬುಡ ಕೊಳೆತು ಹೋಗುತ್ತವೆ.

ಇಲ್ಲಿ ಬೇಕಾದದ್ದು ನಾಲ್ಕು ತಿಂಗಳು ನೀರಲ್ಲಿ ನೆನೆದು, ಮೂರು ತಿಂಗಳು ಒಣಗಿ, ಮತ್ತೆ ಚಿಗುರುವ ಗಿಡ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮಳೆ ಲಿಲ್ಲಿ. ನೆಲದಡಿ ಈರುಳ್ಳಿಯಂಥ ಗಡ್ಡೆ. ಬೇಸಿಗೆಯಲ್ಲಿ ಎಲೆ ಒಣಗಿದರೂ ಗಡ್ಡೆ ಜೀವ ಹಿಡಿದುಕೊಂಡಿರುತ್ತದೆ. ಕಾಫಿ ಹೂ ಅರಳಿಸುವ ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದ ನಾಲ್ಕೈದು ದಿನಕ್ಕೆ ಇದೂ ಗುಲಾಬಿ, ಬಿಳಿ ಹೂ ಎತ್ತುತ್ತದೆ. ನೆಲ ಮುಚ್ಚಲು ಗರಿಕೆ ಮತ್ತು ಪಿಂಟೋಯಿ. ಪಿಂಟೋಯಿ ಅಂದರೆ ಕಡಲೆಕಾಯಿ ಜಾತಿಯ, ಹಳದಿ ಹೂವಿನ ಹಬ್ಬುವ ಗಿಡ. ತೇವ ನಿಲ್ಲುವ ಕಡೆ ಒಂದೆಲಗ ಹಾಕಿ, ಚಟ್ನಿಗೂ ಆಯಿತು. ನೆರಳಿನ ಅಂಚಿನಲ್ಲಿ ಜರಿಗಿಡಗಳು ಬಿತ್ತದೆಯೇ ಬರುತ್ತವೆ, ಇರಲಿ ಬಿಡಿ. 6 ಇಂಚು ಮಣ್ಣು ಹಾಕಲು ಇಂಜಿನಿಯರ್ ಒಪ್ಪಿದ ಕಡೆ ಮಜ್ಜಿಗೆ ಹುಲ್ಲು ನೆಡಬಹುದು. ಕುಶಾಲನಗರ ಕಡೆಯವರಿಗೆ ಟೇಬಲ್ ರೋಸ್, ದೊಡ್ಡಪತ್ರೆ ಕೂಡ ಆಗುತ್ತವೆ. ಮಡಿಕೇರಿಯಲ್ಲಿ ಅವು ಮಳೆಗೆ ಕರಗುತ್ತವೆ.

ಮದ್ದು ಸೊಪ್ಪು ಹಾಕಬಹುದಾ ಅಂತಲೂ ಕೇಳುತ್ತಾರೆ. ಅದರ ರಸದಿಂದ ಪಾಯಸ ಮಾಡುವ ಕಕ್ಕಡ 18ರ ದಿನಕ್ಕೆ ಮನೆಯಲ್ಲೇ ಸಿಕ್ಕರೆ ಚೆಂದ, ನಿಜ. ಆದರೆ ಅದು ಮರದ ನೆರಳಲ್ಲಿ ಎತ್ತರಕ್ಕೆ ಬೆಳೆಯುವ ಗಿಡ. ತೆಳು ಮಣ್ಣಿಗೂ ಬಿಸಿಲಿಗೂ ಸರಿಯಲ್ಲ. ಅದನ್ನು ಅಂಗಳದ ಮರದ ಬುಡದಲ್ಲೇ ಬೆಳೆಸಿ.

ಬಿದಿರು, ಆಲ, ಅರಳಿ, ಅತ್ತಿ, ರಬ್ಬರ್ ಗಿಡ ಯಾವುದನ್ನೂ ತಾರಸಿಗೆ ಹತ್ತಿಸಬೇಡಿ. ಹಳದಿ ಹೂವಿನ ವೆಡೇಲಿಯಾ ಬೇಗ ಹಬ್ಬುತ್ತದೆ ಅಂತ ನರ್ಸರಿಯವರು ಕೊಡುತ್ತಾರೆ. ಅದು ತಾರಸಿಯಿಂದ ಇಳಿದು ತೋಡಿನ ಅಂಚನ್ನೆಲ್ಲ ನುಂಗುತ್ತದೆ. ಬೇಡ. ಕಾಡಿನಿಂದ ಗಿಡ ಕಿತ್ತು ತರುವುದೂ ಬೇಡ. ಗಿಡದ ಗುರುತು ಸಿಗದಿದ್ದರೆ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲೋ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲೋ ವಿಚಾರಿಸಿ.

ಚದರಡಿಗೆ ನಾಲ್ಕರಂತೆ ಒತ್ತಾಗಿ ನೆಟ್ಟು, ಮೇಲೆ ತೆಂಗಿನ ನಾರಿನ ಬಲೆ ಹಾಸಿ ಅಂಚಿಗೆ ಕಲ್ಲು ಇಡಿ. ರಸ್ತೆ ಬದಿಯ ಬರೆಗೆ ಹೊದಿಸುತ್ತಾರಲ್ಲ, ಅದೇ ಬಲೆ. ಗಿಡ ಮುಚ್ಚುವವರೆಗೆ ಗಾಳಿ, ಮಳೆಗೆ ಮಣ್ಣು ಹೋಗದಂತೆ ತಡೆದು, ಆಮೇಲೆ ಅದೇ ಕೊಳೆತು ಗೊಬ್ಬರವಾಗುತ್ತದೆ.

9. ವರ್ಷದ ಆರೈಕೆ

ಮಳೆಗಾಲದಲ್ಲಿ ನಿಮ್ಮ ಕೆಲಸ ಪೈಪಿನ ಬಾಯಿ ನೋಡುವುದು. ಮೇ ಕೊನೆಗೆ ಒಮ್ಮೆ ಪೂರ್ತಿ ಸ್ವಚ್ಛ ಮಾಡಿ, ಜೂನ್‌ನಿಂದ ವಾರಕ್ಕೊಮ್ಮೆ, ದೊಡ್ಡ ಗಾಳಿ ಬೀಸಿದ ಮರುದಿನ ತಪ್ಪದೆ ನೋಡಿ. ನಮ್ಮ ಮುಖ್ಯ ಶತ್ರು ಸಿಲ್ವರ್ ಓಕ್ ಎಲೆ. ಜರಿಗಿಡದಂತೆ ಸೀಳಿದ ಎಲೆ, ಅಡಿಭಾಗ ಬೆಳ್ಳಿ ಬಣ್ಣ. ಒಣಗಿದಾಗ ಹಗುರವಾಗಿ ಎಲ್ಲಿಗೂ ಹಾರಿ ಬರುತ್ತದೆ. ಒದ್ದೆಯಾದ ಮೇಲೆ ಜಾಲರಿಗೆ ಕಾಗದದಂತೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಹತ್ತು ಹದಿನೈದು ಎಲೆ ಸಾಕು, 4 ಇಂಚಿನ ಪೈಪು ಮುಚ್ಚಿಹೋಗಲು. ಮನೆ ಸುತ್ತ ಸಿಲ್ವರ್ ಓಕ್ ಇರುವವರು ವಾರಕ್ಕೆ ಎರಡು ಸಲ ಹತ್ತಿ. ಮಳೆ ಜೋರಾಗಿರುವಾಗ, ಗುಡುಗು ಇರುವಾಗ ಹತ್ತಬೇಡಿ. ಹಿಡಿತ ಇರುವ ಚಪ್ಪಲಿ ಹಾಕಿ, ಒಬ್ಬರು ಕೆಳಗಿರಲಿ.

ಮಳೆ ಬಿಟ್ಟ ಮೇಲೆ ಕಳೆ. ಹಕ್ಕಿಗಳು ತಂದು ಹಾಕಿದ ಅರಳಿ, ಬಸರಿ ಬೀಜ, ಗಾಳಿಗೆ ಬಂದ ಸಿಲ್ವರ್ ಓಕ್ ಬೀಜ ಮೊಳೆತಿರುತ್ತವೆ. ಎರಡು ಎಲೆ ಇರುವಾಗ ಎರಡು ಬೆರಳಲ್ಲಿ ಬರುತ್ತದೆ. ಒಂದು ವರ್ಷ ಬಿಟ್ಟರೆ ಹಾರೆ ಬೇಕು, ಮತ್ತೆ ಹಾರೆ ತಾರಸಿಗೆ ಹತ್ತಲೇಬಾರದು. ತಾರಸಿಯ ಮೇಲೆ ಗುದ್ದಲಿ, ಕತ್ತಿಯ ಮೊನೆ ಯಾವುದೂ ಬೇಡ, ಕೈ ಮಾತ್ರ. ನರ್ಸರಿಯಿಂದ ಹೊಸ ಗಿಡ ತಂದಾಗ ಮಣ್ಣಿನ ಉಂಡೆಯನ್ನು ಬಿಡಿಸಿ ನೋಡಿ, ಕಾಫಿ ತೋಟಗಳನ್ನು ಕಾಡುವ ಆಫ್ರಿಕನ್ ಬಸವನಹುಳುವಿನ ಮೊಟ್ಟೆ ಅದರಲ್ಲಿ ಬರಬಹುದು.

ಜನವರಿಯಿಂದ ಹೂಮಳೆಯವರೆಗೆ ವಾರಕ್ಕೆ ಎರಡು ಸಲ ನೀರು, ಚದರಡಿಗೆ ಅರ್ಧ ಲೀಟರ್. 500 ಚದರಡಿಗೆ ಒಂದು ಸಲಕ್ಕೆ 250 ಲೀಟರ್ ಆಗುತ್ತದೆ. ಬಾವಿಯಲ್ಲಿ ಅಷ್ಟು ನೀರಿಲ್ಲದಿದ್ದರೆ ಗರಿಕೆ ಕಂದಾಗಲು ಬಿಡಿ. ಬೇರು ಸತ್ತಿರುವುದಿಲ್ಲ. ಆದರೆ ಒಣಗಿದ ಹುಲ್ಲನ್ನು ಗಿಡ್ಡಗೆ ಕತ್ತರಿಸಿ ಕೆಳಗಿಳಿಸಿ. ಒಲೆಯ ಹೊಗೆಕೊಳವೆ ಹತ್ತಿರವಿರುವ ಮನೆಗಳಲ್ಲಿ ಒಂದು ಕಿಡಿ ಸಾಕು. ಗೊಬ್ಬರ ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಚದರಡಿಗೆ ಒಂದು ಹಿಡಿಗಿಂತ ಜಾಸ್ತಿ ಬೇಡ.

ಸೋರಿದರೆ?

ಗಾಬರಿಯಾಗಿ ಇಡೀ ತಾರಸಿ ಅಗೆಯಬೇಡಿ. ಸೀಲಿಂಗಿನ ಕಲೆ ಎರಡು ಗೋಡೆಗಳಿಂದ ಎಷ್ಟು ಅಡಿ ದೂರ ಇದೆ ಅಂತ ಅಳೆದುಕೊಂಡು ಮೇಲೆ ಹತ್ತಿ. ಮೊದಲು ಹತ್ತಿರದ ಪೈಪಿನ ಬಾಯಿ, ಆಮೇಲೆ ಪ್ಯಾರಪೆಟ್ ಮೂಲೆ ನೋಡಿ. ಅಲ್ಲಿ ಜಲ್ಲಿ ಮಾತ್ರ ಇರುವುದರಿಂದ ಸರಿಸಿ ನೋಡುವುದು ಸುಲಭ. ಎರಡೂ ಸರಿಯಿದ್ದರೆ ಕಲೆಗಿಂತ ವಾಟದ ಮೇಲ್ಭಾಗದ ಕಡೆ ಮೂರಡಿ ಜಾಗದ ಮಣ್ಣನ್ನು ಕೈಯಲ್ಲಿ ಬುಟ್ಟಿಗೆ ತುಂಬಿ, ಪದರಗಳನ್ನು ಎತ್ತಿ ನೋಡಿ. ನೀರು ಒಳಗೆ ಹೋದ ಜಾಗ ಸಾಮಾನ್ಯವಾಗಿ ಮೇಲ್ಭಾಗದಲ್ಲಿರುತ್ತದೆ, ಇಳಿದು ಬಂದು ಕೆಳಗೆ ಕಾಣಿಸಿಕೊಳ್ಳುತ್ತದೆ.

ಇದಕ್ಕಾಗಿಯೇ ಒಂದು ಕೆಲಸ ಮಾಡಿಡಿ. ಪ್ರತಿ ಪದರ ಹಾಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಅಳತೆಯ ಟೇಪ್ ಪಕ್ಕದಲ್ಲಿಟ್ಟು. ಪೈಪು ಎಲ್ಲಿದೆ, ಹಾಳೆಯ ಜೋಡಣೆ ಎಲ್ಲಿ ಬಂದಿದೆ ಅಂತ ಒಂದು ನಕ್ಷೆ ಬರೆಯಿರಿ. ಯಾವ ಲೇಪ, ಯಾವ ತಿಂಗಳು ಹಚ್ಚಿದ್ದು ಅನ್ನುವುದನ್ನೂ ಅದರಲ್ಲೇ ಬರೆದು, ಬಿಲ್ಲಿನ ಜೊತೆ ಪಿನ್ ಮಾಡಿ ಮನೆ ಪತ್ರದ ಫೈಲಿನಲ್ಲಿ ಇಡಿ.